ಬೆಂಕಿಗಾಲದ ಫೋನು

ಬೇಸಿಗೆ ಬಂತೆಂದರೆ ಕಚೇರಿಯಲ್ಲಿ ಎಲ್ಲರ ಮುಖ ಬಾಡುತ್ತಿತ್ತು. ಕಲ್ಮೇಶನ ಮುಖ ಮಾತ್ರ ಅರಳುತ್ತಿತ್ತು. ಇದನ್ನು ಅವನು ಯಾರ ಮುಂದೆಯೂ ಹೇಳಿಕೊಂಡಿರಲಿಲ್ಲ. ಹೇಳಿಕೊಳ್ಳುವಂಥ ಮಾತೂ ಅದಾಗಿರಲಿಲ್ಲ. ಕಾಡು ಕಾಯುವ ಮನುಷ್ಯನೇ ಕಾಡಿಗೆ ಬೆಂಕಿ ಬೀಳುವ ಕಾಲ ಯಾವಾಗ ಬಂದೀತೆಂದು ದಿನ ಎಣಿಸುತ್ತಾನೆಂದರೆ ಕೇಳಿದವರು ಏನಂದಾರು? ಅವನು ಎಣಿಸುತ್ತಿದ್ದದ್ದು ಬೆಂಕಿಗಾಗಿ ಅಲ್ಲ. ಬೆಂಕಿ ಬಿದ್ದಾಗ ಜಾಂಬಳವಾಡಕ್ಕೆ ಮಾಡಬೇಕಾಗುತ್ತಿದ್ದ ಫೋನಿಗಾಗಿ.

ಕಲ್ಮೇಶನಿಗೆ ಐವತ್ತಮೂರು. ನಂದಗಡದ ಆಚೆಯಿಂದ ಲೋಂಡಾದ ಕಡೆಗೆ ಹಬ್ಬಿದ ಕಾಡಿನಲ್ಲಿ ಹನ್ನೊಂದು ವರ್ಷ ಗಾರ್ಡ್ ಆಗಿ ತಿರುಗಿದವನು. ಮೊಣಕಾಲು ಮುರಿದ ಮೇಲೆ ಅವನನ್ನು ಬೆಳಗಾವಿಗೆ ತಂದು ಬೆಂಕಿ ನಿಗಾ ಕೋಣೆಯ ಕಂಪ್ಯೂಟರಿನ ಮುಂದೆ ಕೂರಿಸಿದ್ದರು. ಮೇಲೆ ಸುತ್ತುವ ಉಪಗ್ರಹ ನೆಲದ ಮೇಲೆ ಎಲ್ಲಿ ಹೆಚ್ಚಿನ ಬಿಸಿ ಕಂಡರೂ ನಕ್ಷೆಯ ಮೇಲೆ ಒಂದು ಕೆಂಪು ಚುಕ್ಕೆ ಮೂಡುತ್ತದೆ. ಆ ಚುಕ್ಕೆ ಯಾವ ಹಳ್ಳದ ದಂಡೆ, ಯಾವ ಗುಡ್ಡದ ಮಗ್ಗುಲು, ಅದು ಕಾಡಿನ ಬೆಂಕಿಯೋ ಅಥವಾ ಯಾರೋ ಹೊಲದಲ್ಲಿ ಸುಟ್ಟ ಕೂಳೆಯೋ ಎಂದು ನೋಡಿ ತಿಳಿದು ಅಲ್ಲಿಯ ಗಾರ್ಡಿಗೂ ಊರಿನ ಬೆಂಕಿ ಪಡೆಗೂ ಫೋನು ಮಾಡುವುದು ಅವನ ಕೆಲಸ. ಬಾಜುವಿನ ಮೇಜಿನಲ್ಲಿ ಗಜಾನನ ಕೂರುತ್ತಿದ್ದ. ಇಬ್ಬರೂ ತಾಲೂಕುಗಳನ್ನು ಹಂಚಿಕೊಂಡಿದ್ದರು. ಖಾನಾಪುರ ಕಲ್ಮೇಶನದು. ಕಣ್ಣು ಮುಚ್ಚಿದರೆ ಅಲ್ಲಿಯ ಒಂದೊಂದು ಕಾಲುದಾರಿಯೂ ಅವನಿಗೆ ಕಾಣುತ್ತಿತ್ತು.

ಜಾಂಬಳವಾಡದ ಪಡೆಯಲ್ಲಿ ಒಂಬತ್ತು ಜನ, ಒಂಬತ್ತೂ ಹೆಂಗಸರು. ಸುಗ್ಗಿ ಮುಗಿದೊಡನೆ ಗಂಡಸರೆಲ್ಲ ಗೋವಾಕ್ಕೆ ದುಡಿಯಲು ಇಳಿದುಹೋಗುವ ಊರು ಅದು. ಬೆಂಕಿ ಬೀಳುವ ನಾಲ್ಕು ತಿಂಗಳು ಊರಿನಲ್ಲಿ ಉಳಿಯುವವರು ಹೆಂಗಸರು, ಕೂಸುಗಳು, ಮುದುಕರು, ಎಮ್ಮೆಗಳು. ಪಡೆಯ ಮುಂದಾಳು ಕಾಡವ್ವ. ಗಂಡ ತೀರಿಕೊಂಡು ಹದಿನಾರು ವರ್ಷವಾಗಿತ್ತು. ಐದು ಎಮ್ಮೆ, ಎಂಬತ್ತು ದಾಟಿದ ಮಾವ ಬೀರಣ್ಣ, ಎರಡು ಎಕರೆ ಗದ್ದೆ, ಇಷ್ಟನ್ನು ಒಬ್ಬಳೇ ಸಂಬಾಳಿಸಿಕೊಂಡು ಬಂದವಳು.

ಚುಕ್ಕೆ ಮೂಡಿದ ದಿನ ಅವರಿಬ್ಬರ ಮಾತು ಹೀಗಿರುತ್ತಿತ್ತು:

"ಕಾಡವ್ವಾ, ಚುಕ್ಕಿ ಬಂದೈತ್ರಿ. ಮತ್ತಿಹಳ್ಳದ ಮ್ಯಾಲಿನ ಮಗ್ಗಲಾ."

"ಗಾಳಿ?"

"ಮೂಡಲದ್ದು. ಭಾಳ ಇಲ್ಲ."

"ಹೊಂಟೇವ್ರಿ."

ಎರಡು ಮೂರು ತಾಸಿನ ನಂತರ ಅವಳ ಫೋನು ಬರುತ್ತಿತ್ತು. "ಆರಿತ್ರಿ ಸಾಹೇಬ್ರ." ಉಸಿರು ಇನ್ನೂ ಏರಿಳಿಯುತ್ತಿರುವುದು ಕೇಳುತ್ತಿತ್ತು. ಅವನು ಯಾರಿಗೂ ಸುಟ್ಟಿಲ್ಲವಲ್ಲ ಎಂದು ಕೇಳುತ್ತಿದ್ದ. ಅವಳು ಇಲ್ಲ ಅನ್ನುತ್ತಿದ್ದಳು. ಆಮೇಲೆ ಯಾವ ಎಮ್ಮೆ ಈದಿದೆ, ಹಳ್ಳದಲ್ಲಿ ನೀರು ಎಷ್ಟು ಉಳಿದಿದೆ ಎಂದು ಎರಡು ಮಾತು. ಅಷ್ಟೇ. ಆ ಎರಡು ಮಾತಿನ ಮೇಲೆ ಕಲ್ಮೇಶ ಒಂದು ವಾರ ಬದುಕುತ್ತಿದ್ದ.

ಜೂನಿನಲ್ಲಿ ಮಳೆ ಹಿಡಿಯಿತೆಂದರೆ ಕಾಡು ತಣಿಯುತ್ತಿತ್ತು, ನಕ್ಷೆ ಖಾಲಿಯಾಗುತ್ತಿತ್ತು. ಫೋನು ಮಾಡಲು ಅವನಿಗೆ ಕಾರಣವೇ ಉಳಿಯುತ್ತಿರಲಿಲ್ಲ. ಕಾರಣವಿಲ್ಲದೆ ಒಬ್ಬ ವಿಧವೆಗೆ ಫೋನು ಮಾಡಿ ಏನು ಹೇಳುವುದು? ಚೆನ್ನಾಗಿದ್ದೀರೇನು ಎಂದು ಕೇಳುವ ಹಕ್ಕು ತನಗೆ ಎಲ್ಲಿಂದ ಬಂತು? ಜನವರಿಯ ತನಕ ಅವನು ಬಾಯಿ ಕಟ್ಟಿದವನಂತೆ ಇರುತ್ತಿದ್ದ.

ಮೊದಲು ಅವನು ಆಕೆಯನ್ನೂ ಊರಿನ ಉಳಿದವರಂತೆ ನೀನು ಎಂದೇ ಕರೆಯುತ್ತಿದ್ದವನು. ಗಾರ್ಡ್ ಅಂದಮೇಲೆ ಒಂದಿಷ್ಟು ಬಿಗುವು ಇರಬೇಕೆಂದು ತಿಳಿದಿದ್ದ. ನಾಲ್ಕು ವರ್ಷದ ಹಿಂದೆ ಮಾರ್ಚಿನಲ್ಲಿ ಮತ್ತಿಹಳ್ಳದ ಮೇಲೆ ಬೆಂಕಿ ಬಿದ್ದಾಗ, ಉರಿದು ಟೊಳ್ಳಾದ ಹೊನ್ನೆಯ ಮರವೊಂದು ಮುರಿದು ಅವನ ಕಾಲ ಮೇಲೆ ಬಿತ್ತು. ಜೊತೆಗಿದ್ದವರು ಹೊಗೆಯಲ್ಲಿ ಚದುರಿಹೋಗಿದ್ದರು. ಕಾಡವ್ವ ಹುಡುಕಿಕೊಂಡು ಬಂದಳು. ಮತ್ತೆ ಮೂವರು ಹೆಂಗಸರನ್ನು ಕೂಗಿ ಕರೆದು ಕೊಂಬೆ ಸರಿಸಿ, ತನ್ನ ಹೆಗಲ ಕಂಬಳಿಯ ಮೇಲೆ ಅವನನ್ನು ಉರುಳಿಸಿಕೊಂಡು, ನಾಲ್ಕು ಮೂಲೆ ಹಿಡಿದು ರಸ್ತೆಯ ತನಕ ಹೊತ್ತರು. ಎರಡು ಮೈಲಿ. ದಾರಿಯುದ್ದಕ್ಕೂ ಅವನು ಎಚ್ಚರ ತಪ್ಪದಿರಲೆಂದು ಅವಳು ಏನೇನೋ ಕೇಳುತ್ತಲೇ ಇದ್ದಳು. ನಿಮ್ಮ ಮಗಳ ಹೆಸರೇನು, ಏನು ಓದುತ್ತಾಳೆ, ಬೆಳಗಾವಿಯಲ್ಲಿ ಹಾಲಿನ ದರ ಎಷ್ಟು, ರೈಲು ಗೇಟಿನ ಹತ್ತಿರ ನಿಮ್ಮ ಮನೆಯಂತೆ, ಗದ್ದಲಕ್ಕೆ ನಿದ್ದೆ ಹೇಗೆ ಬರುತ್ತದೆ. ಅವನು ನರಳುತ್ತ ಉತ್ತರ ಹೇಳಿದ್ದ. ಹೆಂಡತಿ ಸತ್ತು ಹತ್ತು ವರ್ಷದ ಮೇಲೆ ಅವನ ಮನೆಯ ಸುದ್ದಿಯನ್ನು ಅಷ್ಟು ಬಿಡದೆ ಕೇಳಿದವರು ಬೇರೆ ಯಾರೂ ಇರಲಿಲ್ಲ. ಆ ದಿನದಿಂದ ಅವಳಿಗೆ ನೀನು ಅನ್ನಲು ಅವನ ನಾಲಿಗೆ ಏಳಲಿಲ್ಲ.

ಆ ವರ್ಷ ಜನವರಿಯಲ್ಲಿ ಎಂದಿನಂತೆ ಬೆಂಕಿಗಾಲದ ತಯಾರಿ ಶುರುವಾಯಿತು. ಕಲ್ಮೇಶ ಫೋನಿನಲ್ಲಿ ಒಂದೊಂದೇ ಹೇಳುತ್ತಿದ್ದ, ಕಾಡವ್ವ ಮಾಡಿಸುತ್ತಿದ್ದಳು. ಊರಿನ ಪಡುವಣಕ್ಕೆ, ಕಾಡಿನ ಅಂಚಿಗೆ, ಹತ್ತು ಮಾರು ಅಗಲದ ಪಟ್ಟಿಯಲ್ಲಿ ಹುಲ್ಲು ಹೆರೆದು, ಎಲೆ ಗುಡಿಸಿ, ಬೆಂಕಿ ದಾಟದ ಹಾಗೆ, ಮಣ್ಣು ಕಾಣುವಂತೆ ಲೈನು ತೆಗೆದರು. ಮನೆಗಳಿಗೆ ಆತುಕೊಂಡಿದ್ದ ಬಣವೆಗಳನ್ನು ಗದ್ದೆಯ ನಡುವೆ ಒಯ್ದರು. ಹಂಚಿನ ಮೇಲೆ ಬಿದ್ದ ತರಗೆಲೆ ಇಳಿಸಿದರು. ಪಂಚಾಯತಿಯವರು ಕೊಟ್ಟ ಎಂಟು ಡ್ರಮ್ಮುಗಳಲ್ಲಿ ನೀರು ತುಂಬಿದರು. ನೈಲಾನಿನ ಸೀರೆ ಬೇಡ, ಹತ್ತಿಯದೇ ಉಡಬೇಕು, ಮೂಗಿಗೆ ಒದ್ದೆ ಅರಿವೆ ಇರಬೇಕು ಎಂದು ಅವನು ಹೇಳಿದರೆ, ಎಮ್ಮೆಗಳನ್ನು ಎಳೆದರೆ ಬಿಚ್ಚುವ ಗಂಟಿನಲ್ಲೇ ಕಟ್ಟಬೇಕು ಎಂಬುದನ್ನು ಅವಳು ತಾನೇ ಸೇರಿಸಿದಳು. ಊರ ಮೂಡಣಕ್ಕೆ ಹುಲ್ಲು ಹುಟ್ಟದ ದೊಡ್ಡ ಬಂಡೆಯೊಂದಿತ್ತು. ಅಪಾಯ ಬಂದರೆ ನಡೆಯಲಾರದವರನ್ನೆಲ್ಲ ಅಲ್ಲಿಗೆ ಸಾಗಿಸಬೇಕು, ಯಾರು ಯಾರನ್ನು ಕರೆದೊಯ್ಯಬೇಕು ಎಂದು ಹೆಸರು ಹಿಡಿದು ಗೊತ್ತುಮಾಡಿದರು. ಒಂದು ದಿನ ತಾಲೀಮೂ ಆಯಿತು. ಬೀರಣ್ಣನನ್ನು ಎತ್ತಲು ಹೋದರೆ ಮುದುಕ ಕೋಲು ಬೀಸಿದನಂತೆ.

"ಏನಂತಾರ ನೋಡ್ರಿ ನಮ್ಮ ಮಾವಾರು," ಎಂದು ಕಾಡವ್ವ ಫೋನಿನಲ್ಲಿ ನಕ್ಕಿದ್ದಳು. "ಬೆಂಕಿ ಬಂದಾಗ ಎತ್ರಿ, ಬರದ ಮೊದಲ ಯಾಕ ಎತ್ತತೀರಿ ಅಂತಾರ."

ಆ ನಗುವನ್ನು ಕಲ್ಮೇಶ ರೈಲು ಗೇಟು ದಾಟಿ ಮನೆ ಮುಟ್ಟುವ ತನಕ ಮನಸ್ಸಿನಲ್ಲಿ ಹೊತ್ತುಕೊಂಡು ಹೋದ. ಅವನ ಮಗಳು ಪೂನಮ ಶಹಾಪುರದ ಕಡೆ ಒಂದು ಸಾಲೆಯಲ್ಲಿ ಕಲಿಸುತ್ತಿದ್ದಳು. ಅಪ್ಪನ ಮುಖ ನೋಡಿ, "ಇವತ್ತ ಖಾನಾಪುರದ ಕಡೆ ಫೋನ್ ಆಗೇತಿ," ಎಂದು ತಟ್ಟೆ ಇಟ್ಟಳು. ಅವನು ಕೇಳದವನಂತೆ ರೊಟ್ಟಿ ಮುರಿದ.

ಫೆಬ್ರವರಿಯಲ್ಲಿ ಆರು ಚುಕ್ಕೆ ಬಂದವು. ಆರನ್ನೂ ಹೊತ್ತು ಇಳಿಯುವುದರೊಳಗೆ ಆರಿಸಿದರು. ಮಾರ್ಚಿನ ಎರಡನೆಯ ವಾರ ಯಾರೂ ನೆನೆಸದ ಮಳೆ ಬಂತು. ಗುಡುಗಿ ಸಿಡಿಲಾಡಿ ಮೂರು ದಿನ ಬಿಡದೆ ಹೊಡೆಯಿತು. ಕಚೇರಿಯಲ್ಲಿ ಎಲ್ಲರೂ ಉಸಿರು ಬಿಟ್ಟರು. ಗಜಾನನ ಎರಡು ದಿನ ರಜೆ ಹಾಕಿ ಹೆಂಡತಿಯ ತವರಿಗೆ ಹೋಗಿಬಂದ. ನಕ್ಷೆಯಲ್ಲಿ ಖಾನಾಪುರ ತಾಲೂಕು ಹಸಿರಾಗಿ, ಸುಮ್ಮನೆ, ಒಂದು ಕಲೆಯೂ ಇಲ್ಲದೆ ಮಲಗಿತ್ತು.

ಹತ್ತು ದಿನವಾಯಿತು, ಹದಿನೈದು ದಿನವಾಯಿತು. ಕಲ್ಮೇಶ ಬೆಳಗಿನಿಂದ ಸಂಜೆಯ ತನಕ ಆ ಹಸಿರನ್ನು ನೋಡುತ್ತ ಕೂತ. ಕಾಡು ಉಳಿಯಿತೆಂದು ಸಂತೋಷಪಡಬೇಕಾದವನಿಗೆ ಅದನ್ನು ನೋಡಿ ನೋಡಿ ಸಾಕಾಗಿತ್ತು. ಒಂದೆರಡು ಸಲ ಫೋನು ಕೈಗೆ ತೆಗೆದುಕೊಂಡ. ಡ್ರಮ್ಮಿನ ನೀರು ಬದಲಿಸಿದಿರಾ ಎಂದು ಕೇಳಬಹುದಿತ್ತು. ಅದನ್ನು ಆಗಲೇ ಕೇಳಿಯಾಗಿತ್ತು. ಲೈನಿನ ಮೇಲೆ ಮತ್ತೆ ಎಲೆ ಬಿದ್ದಿದೆಯೇ ಎಂದು ಕೇಳಬಹುದಿತ್ತು. ಅದು ಈಗ ಅಲ್ಲಿರುವ ಗಾರ್ಡ್ ಪ್ರಸಾದನ ಕೆಲಸ, ಅವನೇ ಹೋಗಿ ನೋಡಿಬಂದಿದ್ದ. ಫೋನು ಕೆಳಗಿಟ್ಟ.

ಇಪ್ಪತ್ತಾರನೆಯ ದಿನ, ಏಪ್ರಿಲ್ ಮೊದಲ ವಾರದ ಒಂದು ಮಧ್ಯಾಹ್ನ, ಜಾಂಬಳವಾಡದ ತೆಂಕಣಕ್ಕೆ ಕರಿಗುಡ್ಡದ ನೆತ್ತಿಯ ಮೇಲೆ ಒಂದು ಚುಕ್ಕೆ ಮೂಡಿತು. ನೋಡಿದೊಡನೆ ಅವನಿಗೆ ಗೊತ್ತಾಯಿತು. ಅಲ್ಲಿ ಮರವೂ ಇಲ್ಲ, ಹುಲ್ಲೂ ಇಲ್ಲ, ಇರುವುದು ಬರೀ ಕಪ್ಪು ಹಾಸುಗಲ್ಲು. ಬಿಸಿಲಿಗೆ ಕಾದ ಕಲ್ಲು ಹಿಂದೆಯೂ ಎರಡು ಸಲ ಹೀಗೆಯೇ ಮೋಸ ಮಾಡಿತ್ತು. ಚುಕ್ಕೆಯ ಬಾಜುವಿಗೆ ಕಂಪ್ಯೂಟರೇ ಖಾತ್ರಿ ಕಡಿಮೆ ಎಂದು ಬರೆದಿತ್ತು. ಕಲ್ಲು ಎಂದು ಗುರುತು ಹಾಕಿ ಅಳಿಸಿಬಿಡುವುದಷ್ಟೇ ಕೆಲಸ.

ಅವನ ಬೆರಳು ಅಳಿಸಲಿಲ್ಲ. ಫೋನು ಒತ್ತಿತು.

"ಕಾಡವ್ವಾ, ಚುಕ್ಕಿ ಬಂದೈತ್ರಿ. ಕರಿಗುಡ್ಡದ ನೆತ್ತಿ."

"ಕರಿಗುಡ್ಡದಾಗ? ಅಲ್ಲೇನೈತ್ರಿ ಸುಡಾಕ?"

ಅಲ್ಲಿಗೆ ಅವನು ನಿಲ್ಲಿಸಬಹುದಿತ್ತು. ಹೌದಲ್ಲ, ಕಲ್ಲೇ ಇರಬೇಕು, ಬಿಡಿ ಅನ್ನಬಹುದಿತ್ತು. ಆದರೆ ಹಾಗಂದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಹೋಗಿಬಂದರೆ ಸಂಜೆಗೆ ಅವಳ ಫೋನು ಬರುತ್ತಿತ್ತು.

"ಒಮ್ಮಿ ನೋಡಿ ಬರ್ರಿ," ಅಂದ.

"ಹೊಂಟೇವ್ರಿ."

ಸಂಜೆ ಫೋನು ಬಂದದ್ದು ಅವಳದಲ್ಲ, ಗಾರ್ಡ್ ಪ್ರಸಾದನದು. ಐದು ಹೆಂಗಸರು ಎರಡು ತಾಸು ಗುಡ್ಡ ಹತ್ತಿದ್ದರು. ನೆತ್ತಿಯಲ್ಲಿ ಬೆಂಕಿ ಇರಲಿಲ್ಲ. ಇಳಿಯುವಾಗ ಕಾಂತಾ ಎಂಬ ಹೆಂಗಸು ಬಿಸಿಲಿಗೆ ತಲೆ ತಿರುಗಿ ಬಿದ್ದಳು. ಮೈ ಕೆಂಡವಾಗಿತ್ತು, ಮಾತು ತೊದಲುತ್ತಿತ್ತು. ಜೀಪಿನಲ್ಲಿ ಹಾಕಿ ಖಾನಾಪುರದ ಸರಕಾರಿ ದವಾಖಾನೆಗೆ ಒಯ್ದಿದ್ದರು. ಸಲೈನ್ ಹಚ್ಚಿದ್ದಾರೆ, ಜೀವಕ್ಕೇನೂ ಅಪಾಯವಿಲ್ಲ ಅಂದ ಪ್ರಸಾದ.

ಕಲ್ಮೇಶ ಆ ಸಂಜೆ ಮನೆಗೆ ಬಂದು ಬೂಟು ಬಿಚ್ಚದೆ ಕೂತ. ಪೂನಮ ಏನಾಯಿತೆಂದು ಕೇಳಿದಳು. ಅವನು ಮೊದಲು ಏನೂ ಇಲ್ಲ ಅಂದ. ಆಮೇಲೆ ಎಲ್ಲವನ್ನೂ ಹೇಳಿದ, ನೆಲ ನೋಡುತ್ತ, ಒಂದನ್ನೂ ಬಿಡದೆ. ಮಗಳ ಮುಂದೆ ಅಂಥ ಮಾತು ಆಡಬೇಕಾಗಿ ಬಂದದ್ದಕ್ಕೆ ಅವನ ಕಿವಿ ಕೆಂಪಗಾಗಿತ್ತು. ಪೂನಮ ಬಾಗಿ ಅವನ ಬೂಟಿನ ಲಾಡಿ ಬಿಚ್ಚಿದಳು.

"ಅಪ್ಪಾ, ನೀ ಆಕಿನ್ನ ಮೆಚ್ಚಿದ್ದು ತಪ್ಪಲ್ಲ," ಅಂದಳು ಕಡೆಗೆ. "ಅದನ್ನ ಹೇಳಾಕ ಹೆದರಿ ಐದ ಮಂದೀನ ಬಿಸಿಲಾಗ ನಡಸಿದ್ಯಲ್ಲ, ಅದು ತಪ್ಪು. ಹೋಗಿ ಹೇಳು."

ಮರುದಿನ ಮೊದಲ ಬಸ್ಸಿಗೆ ಅವನು ಖಾನಾಪುರಕ್ಕೆ ಹೋದ. ಸ್ಟ್ಯಾಂಡಿನಲ್ಲಿ ಇಳಿದು ಬಾಳೆಹಣ್ಣು, ಎಳನೀರು ಹಿಡಿದುಕೊಂಡು ಕುಂಟುತ್ತ ದವಾಖಾನೆ ಸೇರಿದ. ಹೆಂಗಸರ ವಾರ್ಡಿನ ಪಡಸಾಲೆಯಲ್ಲಿ ಕಾಡವ್ವ ಗೋಡೆಗೆ ಒರಗಿ ಕೂತಿದ್ದಳು. ಎರಡು ವರ್ಷದ ಮೇಲೆ ಅವಳನ್ನು ಕಣ್ಣಾರೆ ನೋಡಿದ್ದು. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಹಿಮ್ಮಡಿಗೆ ಅರಿವೆ ಸುತ್ತಿದ್ದಳು. ಕಾದ ಕಲ್ಲಿನ ಮೇಲೆ ಚಪ್ಪಲಿ ಹರಿದು ಅಂಗಾಲು ಬೊಬ್ಬೆ ಎದ್ದಿತ್ತು.

ಅವನನ್ನು ಕಂಡು ಅವಳು ಎದ್ದು ನಿಂತಳು. ಮುಖದಲ್ಲಿ ಬಂದ ಸಂತೋಷವನ್ನು ಅವನು ಸ್ಪಷ್ಟವಾಗಿ ನೋಡಿದ. ಅದೇ ಅವನಿಗೆ ತಾಳಲಾಗಲಿಲ್ಲ.

"ಬರ್ರಿ ಸಾಹೇಬ್ರ, ಕುಂದರ್ರಿ. ಇಷ್ಟ ದೂರ ಬಂದ್ರಲ್ಲ. ಕಾಂತಾ ಈಗ ಆರಾಮ ಅದಾಳ. ಹಾಲ ಕುಡದ ಮಲಗ್ಯಾಳ."

"ಕಾಡವ್ವಾ, ಒಂದ ಮಾತ ಹೇಳೂದೈತಿ." ಅವನು ಕೂರಲಿಲ್ಲ. "ಆ ಚುಕ್ಕಿ ಬೆಂಕೀದಲ್ಲ ಅಂತ ನನಗ ಗೊತ್ತಿತ್ತು."

ಅವಳು ನೋಡಿದಳು. "ಮತ್ತ?"

"ಇಪ್ಪತ್ತಾರ ದಿನಾ ಆಗಿತ್ತು. ನಿಮ್ಮ ದನಿ ಕೇಳೂದಿತ್ತು."

ಒಳಗೆ ಯಾವುದೋ ಕೂಸು ಅಳುತ್ತಿತ್ತು. ನರ್ಸೊಬ್ಬಳು ತಟ್ಟೆ ಹಿಡಿದು ಇಬ್ಬರ ನಡುವೆ ಹಾದುಹೋದಳು. ಕಾಡವ್ವನ ಮುಖದ ಸಂತೋಷ ಒಂದೇ ಸಲ ಹೋಗಲಿಲ್ಲ. ನೀರು ಇಂಗಿದಂತೆ ನಿಧಾನಕ್ಕೆ ಇಳಿಯಿತು. ಅವಳು ಮತ್ತೆ ಕೂತು, ಬಾಜುವಿಗಿದ್ದ ಕಾಂತಾಳ ಸೀರೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಮಡಚತೊಡಗಿದಳು. ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚಿದಳು.

"ಕಾಂತಾಗ ಹಾಲ ಕುಡಿಯೂ ಕೂಸೈತಿ," ಅಂದಳು. "ನಿನ್ನೆ ಸಂಜಿಕ ಆ ಕೂಸಿನ್ನ ನಾ ಎಲ್ಲಿಟಗೋಬೇಕು ಅಂತ ತಿಳೀಲಿಲ್ಲ ನನಗ."

"ತಪ್ಪಾಗೇತಿ."

"ನಾಕ ವರ್ಷ ಆತು ಸಾಹೇಬ್ರ. ನೀವು ಹೋಗ್ರಿ ಅಂದ್ರಿ, ನಾವು ಹೋದ್ವಿ. ಯಾಕ ಅಂತ ಒಂದ ಸಲನೂ ಕೇಳಿಲ್ಲ. ನಿನ್ನೆ ಒಂದ ಸಲ ಕೇಳಿದೆ, ಅಲ್ಲೇನೈತಿ ಸುಡಾಕ ಅಂತ. ಆವಾಗರೇ ಹೇಳಬೇಕಿತ್ತು." ದನಿ ಏರಲಿಲ್ಲ. "ನಾಳೆ ಖರೇನ ಬೆಂಕಿ ಬಿತ್ತಂದ್ರ ನಾ ಈ ಹೆಣ್ಮಕ್ಕಳಿಗೆ ಏನ ಹೇಳ್ಲಿ? ಏಳ್ರಿ ಅಂದ್ರ ಏಳತಾರೇನು?"

ಅವಳು ಸೀರೆಯ ಮಡಿಕೆಯನ್ನು ಅಂಗೈಯಿಂದ ಒತ್ತಿದಳು.

"ಇನ್ನ ಮ್ಯಾಲೆ ನೀವು ಫೋನ್ ಮಾಡಬ್ಯಾಡ್ರಿ. ಬ್ಯಾರೇದವ್ರ ಕಡೆ ಮಾಡಸ್ರಿ."

ಎಳನೀರು, ಬಾಳೆಹಣ್ಣನ್ನು ಅವನು ಗೋಡೆಯ ಬುಡದಲ್ಲಿ ಇಟ್ಟು ಬಂದ. ಹೊಳೆಯ ಸೇತುವೆಯ ಮೇಲೆ ಬಸ್ಸು ಹಾಯುವಾಗ ಮಲಪ್ರಭೆಯ ನಡುವೆ ಕಲ್ಲುಗಳು ಎದ್ದು ಕಾಣುತ್ತಿದ್ದವು. ಮಾರ್ಚಿನ ಮಳೆಯ ನೀರು ಆಗಲೇ ಹರಿದುಹೋಗಿತ್ತು. ಕಾಡು ಮತ್ತೆ ಒಣಗುತ್ತಿದೆ ಎಂದು ಗಾರ್ಡಿನ ಬುದ್ಧಿ ತಾನಾಗಿಯೇ ಲೆಕ್ಕ ಹಾಕಿತು.

ಅದೇ ದಿನ ಅವನು ನಡೆದದ್ದನ್ನೆಲ್ಲ ಬರೆದು ತನ್ನ ಮೇಲಿನ ಸಾಹೇಬರ ಮೇಜಿನ ಮೇಲೆ ಇಟ್ಟ. ಅವರು ಓದಿ, ಅವನ ಮುಖ ನೋಡಿ, ಮತ್ತೊಮ್ಮೆ ಓದಿದರು. ಎರಡು ದಿನದ ಮೇಲೆ ಎಚ್ಚರಿಕೆಯ ಪತ್ರ ಬಂತು, ಒಂದು ವರ್ಷದ ಇನ್ಕ್ರಿಮೆಂಟು ಹೋಯಿತು. ಖಾನಾಪುರ ಗಜಾನನನಿಗೆ ಹೋಯಿತು, ಕಲ್ಮೇಶನಿಗೆ ಬಯಲುಸೀಮೆಯ ತಾಲೂಕುಗಳು ಬಂದವು. ಅಲ್ಲಿ ಕಾಡೂ ಇಲ್ಲ, ಚುಕ್ಕೆಯೂ ಇಲ್ಲ. ಗಜಾನನ ಫೋನಿನಲ್ಲಿ ಜಾಂಬಳವಾಡ ಎಂದಾಗಲೆಲ್ಲ ಅವನ ಕೈಯ ಕೆಲಸ ನಿಲ್ಲುತ್ತಿತ್ತು. ಅವಳ ದನಿ ಬಾಜುವಿನ ಮೇಜಿನ ಫೋನಿನಿಂದ ಬರೀ ಒಂದು ಗುಂಯ್ಗುಡುವ ಸದ್ದಾಗಿ ಕೇಳುತ್ತಿತ್ತು. ಅದರಲ್ಲಿ ಮಾತು ಯಾವುದು ಎಂದು ತಿಳಿಯುತ್ತಿರಲಿಲ್ಲ. ಆದರೂ ಕಿವಿಗೊಟ್ಟು ಕೂರುತ್ತಿದ್ದ.

ಏಪ್ರಿಲ್ ಕಡೆಯ ವಾರ. ಮಧ್ಯಾಹ್ನ ಒಂದೂವರೆಯ ಹೊತ್ತಿಗೆ ಗಜಾನನ ಕುರ್ಚಿಯಿಂದ ಅರ್ಧ ಎದ್ದ. ಜಾಂಬಳವಾಡದ ಪಡುವಣಕ್ಕೆ, ಬಿದಿರುಹಳ್ಳದ ತಳದಲ್ಲಿ, ಒಂದಲ್ಲ ಎರಡಲ್ಲ, ಐದು ಚುಕ್ಕೆ ಸಾಲಾಗಿ ಕೂತಿದ್ದವು. ಅವನು ಪ್ರಸಾದನಿಗೆ ಹೇಳಿ, ಖಾನಾಪುರದ ಕಚೇರಿಗೆ ಹೇಳಿ, ಕಾಡವ್ವನಿಗೆ ಹಚ್ಚಿದ. ನಾಲ್ಕು ಮಾತಾಡಿ, ಫೋನಿನ ಬಾಯಿಗೆ ಅಂಗೈ ಅಡ್ಡ ಹಿಡಿದು ಕಲ್ಮೇಶನ ಕಡೆ ತಿರುಗಿದ.

"ಕೇಳಾಕತ್ತಾಳ. ಕಲ್ಮೇಶ ಸಾಹೇಬ್ರು ನೋಡ್ಯಾರೇನು ಅಂತ."

ಕಲ್ಮೇಶ ಎದ್ದದ್ದು, ಕಂಪ್ಯೂಟರಿನ ಮುಂದೆ ಬಾಗಿದ್ದು, ಫೋನು ಇಸಿದುಕೊಂಡದ್ದು ಅವನಿಗೇ ಗೊತ್ತಾಗಲಿಲ್ಲ.

"ಕಾಡವ್ವಾ, ನಾನ್ರಿ. ಎಲ್ಲಿ ಅದೀರಿ?"

"ಹೊಗಿ ಕಂಡ ನೆತ್ತಿಗೆ ಬಂದೇವಿ, ಹಳ್ಳ ಇಳ್ಯಾಕ ಹೊಂಟೇವಿ. ಎಂಟ ಮಂದಿ. ತೊಪ್ಪಲಾ ಮುರಕೊಂಡೇವಿ. ಬುಡಕ್ಕ ಹೋಗಿ ಬಡದ ಬಿಡತೇವಿ."

"ಇಳೀಬ್ಯಾಡ್ರಿ." ಅವನ ದನಿಗೆ ಇಡೀ ಕೋಣೆ ತಿರುಗಿ ನೋಡಿತು. "ಕೇಳ್ರಿ ಇಲ್ಲೆ. ಇನ್ನ ಒಂದ ತಾಸಿನ್ಯಾಗ ಗೋವಾ ಕಡೆ ಗಾಳಿ ಘಾಟ ಹತ್ತತೈತಿ. ಆ ಹಳ್ಳ ಚಿಮಣಿ ಇದ್ದಂಗ ಐತಿ. ತಳದಾಗಿನ ಬೆಂಕಿ ಒಂದ ಸಲಕ್ಕ ಮ್ಯಾಲ ಬರತೈತಿ. ನೀವು ಹಳ್ಳದಾಗ ಇದ್ರ ಓಡಾಕ ಜಾಗಾ ಇರೂದಿಲ್ಲ. ತಿರಗ್ರಿ. ಜನವರ್‍ಯಾಗ ತಗದ ಲೈನಿಗೆ ಬರ್ರಿ. ಪ್ರಸಾದ ದಾರ್‍ಯಾಗ ಅದಾನ. ಅಂವಾ ಬಂದು ಲೈನಿನ ಆಚಿಗಿಂದ ಎದುರ ಬೆಂಕಿ ಕೊಡ್ಲಿ. ನೀವು ಈಚಿಗೆ ಹಾರಿದ ಕಿಡಿ ಅಷ್ಟ ಆರಸ್ರಿ. ಮುದುಕ್ರು ಕೂಸಗೋಳು ಈಗಿಂದೀಗ ಮೂಡಲದ ಬಂಡೆಗೆ ಹೋಗ್ಲಿ. ಎಮ್ಮಿ ಬಿಚ್ಚಿ ಬಿಡ್ರಿ."

ಆಚೆ ಗಾಳಿಯ ಸದ್ದು, ಹೆಂಗಸರ ದನಿಗಳು, ಯಾರೋ ಕೆಮ್ಮಿದ್ದು ಕೇಳಿತು.

"ಖರೇ?" ಅಂದಳು ಕಾಡವ್ವ.

ಆ ಒಂದು ಮಾತಿನಲ್ಲಿ ಅವಳು ಏನೇನು ಕೇಳುತ್ತಿದ್ದಾಳೆಂದು ಅವನಿಗೆ ತಿಳಿಯಿತು.

"ಖರೇ."

"ಹಂಗಾದ್ರ ತಿರಗತೇವಿ." ಫೋನು ಕಡಿಯಿತು.

ಎರಡೂಮುಕ್ಕಾಲಿಗೆ ಗಾಳಿ ತಿರುಗಿತು. ಮುಂದಿನ ಸಲ ನಕ್ಷೆ ಬದಲಾದಾಗ ಬಿದಿರುಹಳ್ಳದ ಉದ್ದಕ್ಕೂ ತಳದಿಂದ ನೆತ್ತಿಯ ತನಕ ಕೆಂಪು ಸುರಿದಂತೆ ಹನ್ನೊಂದು ಚುಕ್ಕೆ ಇದ್ದವು. ಅವಳ ಫೋನು ಹತ್ತಲಿಲ್ಲ. ಪ್ರಸಾದನದೂ ಹತ್ತಲಿಲ್ಲ. ಎಲ್ಲೋ ವಾಯರು ಸುಟ್ಟು ಟವರಿಗೆ ಕರೆಂಟು ಹೋಗಿತ್ತು. ಮೂರಾಯಿತು, ನಾಲ್ಕಾಯಿತು. ಗಜಾನನ ಚಹಾ ತಂದಿಟ್ಟ, ಅದು ಕೆನೆಗಟ್ಟಿತು. ಕಲ್ಮೇಶ ಎರಡೂ ಕೈಯಿಂದ ಮೊಣಕಾಲು ಹಿಡಿದುಕೊಂಡು ಕೂತಿದ್ದ. ಈ ಕಾಲು ಇದ್ದಿದ್ದರೆ, ಅನ್ನಿಸಿತು. ಇದ್ದಿದ್ದರೆ ತಾನು ಅಲ್ಲಿರುತ್ತಿದ್ದೆ, ಹೊಗೆಯಲ್ಲಿ, ಅವಳ ಕೆಮ್ಮು ಕೇಳಿಸುವಷ್ಟು ಹತ್ತಿರ. ಅವಳು ತಿರುಗಿದಳೋ? ಇಲ್ಲ, ಎಂಟು ಜನ ಹೆಂಗಸರಲ್ಲಿ ಯಾರಾದರೂ, ಈ ಮನುಷ್ಯನ ಮಾತು ಕೇಳಿ ಒಮ್ಮೆ ಕಾಂತಾ ಬಿದ್ದಳು, ಈಗ ಯಾಕೆ ಕೇಳಬೇಕು ಎಂದು ಹಳ್ಳಕ್ಕೆ ಇಳಿದರೋ? ಆ ಯೋಚನೆ ಬಂದಾಗಲೆಲ್ಲ ಅವನು ಎದ್ದು ಕಿಟಕಿಯ ತನಕ ಹೋಗಿ ಬರುತ್ತಿದ್ದ.

ಆರೂಮುಕ್ಕಾಲಿಗೆ ಫೋನು ಬಂತು, ಪ್ರಸಾದನದು. ಲೋಂಡಾದ ರಸ್ತೆಗೆ ಬಂದು ಮಾಡುತ್ತಿದ್ದ. ಊರು ಉಳಿದಿತ್ತು. ಮಂದಿ ಎಲ್ಲ ಉಳಿದಿದ್ದರು. ಎದುರು ಬೆಂಕಿ ಲೈನಿನಿಂದ ಹೋಗಿ ಹಳ್ಳದಿಂದ ಬಂದದ್ದನ್ನು ಕೂಡಿ ಅಲ್ಲೇ ತಣ್ಣಗಾಗಿತ್ತು. ಕಿಡಿ ಹಾರಿ ಒಂದು ಕೊಟ್ಟಿಗೆಯ ಮಾಡು ಸುಟ್ಟಿತ್ತು. ಒಂದು ಎಮ್ಮೆ ಸಿಕ್ಕಿರಲಿಲ್ಲ. ಪಡುವಣದ ಗುಡ್ಡ ಪೂರ್ತಿ ಹೋಗಿತ್ತು. "ಹಳ್ಳಕ್ಕ ಇಳದಿದ್ರ ಒಬ್ರೂ ಬರತಿರಲಿಲ್ರಿ," ಅಂದ ಪ್ರಸಾದ.

ಕಲ್ಮೇಶ ಕಣ್ಣು ಒರೆಸಿಕೊಂಡ. ಆ ರಾತ್ರಿ, ಮರುದಿನ, ಅದರ ಮರುದಿನ ಅವನು ಫೋನಿನ ಕಡೆ ನೋಡಿದ. ಅವಳು ಮಾಡಲಿಲ್ಲ.

ಮೇ ಮಧ್ಯದಲ್ಲಿ ಸುಟ್ಟ ಕಾಡಿನ ಅಳತೆಗೆ ಸಾಹೇಬರು ಹೊರಟರು. ಆ ಕಾಡು ಬಲ್ಲವನು ಬೇಕೆಂದು ಕಲ್ಮೇಶನನ್ನೂ ಜೀಪಿಗೆ ಹತ್ತಿಸಿಕೊಂಡರು. ಜಾಂಬಳವಾಡ ಮುಟ್ಟಿದ ಮೇಲೆ ಉಳಿದವರು ಗುಡ್ಡ ಹತ್ತಿದರು. ಅವನ ಕಾಲು ಲೈನಿನ ತನಕವೇ ಬಂದದ್ದು. ಲೈನಿನ ಒಂದು ಮಗ್ಗುಲಿಗೆ ಊರಿನ ಹಂಚು, ಹಿತ್ತಿಲ ಹಾಗಲ ಬಳ್ಳಿ. ಇನ್ನೊಂದು ಮಗ್ಗುಲಿಗೆ ಕಣ್ಣು ಹಾಯುವ ತನಕ ಕರಿ. ಬೂದಿಯ ನಡುವೆ ಅಲ್ಲಲ್ಲಿ ಹೊಸ ಹುಲ್ಲು ಸೂಜಿಯಂತೆ ಎದ್ದಿತ್ತು.

ಅವನು ಮೊದಲು ಕಾಂತಾಳ ಮನೆಗೆ ಹೋದ. ಅಂಗಳದಲ್ಲಿ ಅವಳು ಕೂಸಿಗೆ ಎಣ್ಣೆ ಹಚ್ಚುತ್ತಿದ್ದಳು. ಕಾಡವ್ವ ಬಾಗಿಲಿನಲ್ಲಿದ್ದಳು. ಕರಿಗುಡ್ಡದ ಸುದ್ದಿಯನ್ನು ಕಾಡವ್ವ ಯಾರಿಗೂ ಹೇಳಿರಲಿಲ್ಲವೆಂದು ಅವನಿಗೆ ಕಾಂತಾಳ ಮುಖ ನೋಡಿ ಗೊತ್ತಾಯಿತು. ತಾನೇ ಹೇಳಿದ. ಕಾಂತಾ ಕೇಳುತ್ತ ಕೇಳುತ್ತ ಎಣ್ಣೆಯ ಕೈ ನಿಲ್ಲಿಸಿದಳು.

"ಒಂದ ಮಾತಿನ ಸಲುವಾಗಿ ನನಗ ಎರಡ ಬಾಟ್ಲಿ ಸಲೈನ್ ಹಚ್ಚಿಸಿದ್ರಿ," ಅಂದಳು. ನಗಲಿಲ್ಲ. "ನನಗ ಏನರೇ ಆಗಿದ್ರ ಇದರ ಗತಿ ಏನಿತ್ರಿ?" ಕೂಸನ್ನು ಎತ್ತಿಕೊಂಡು ಒಳಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ.

ಅವನು ಬಂಡೆಯ ಕಡೆ ನಡೆದ. ಸ್ವಲ್ಪ ಹೊತ್ತಿನ ಮೇಲೆ ಕಾಡವ್ವ ಒಂದು ಚೊಂಬು ಮಜ್ಜಿಗೆ ಹಿಡಿದು ಬಂದಳು. ಎರಡು ಮಾರು ದೂರ ಕೂತಳು.

"ಆ ದಿನಾ ಅವ್ರ ತಿರಗ್ಲಿಕ್ಕೆ ಒಪ್ಪಿರಲಿಲ್ಲ," ಅಂದಳು. "ಮೊನ್ನೆ ಸುಳ್ಳಾಗಿತ್ತು, ಇದೂ ಅಂದಾಜೇ ಇರಬೇಕು ಅಂದ್ರು. ನಾ ಅಂದೆ, ಖರೇ ಅಂತ ಅವ್ರ ಬಾಯಿಲೆ ಹೇಳಿಸೇನಿ, ನಡೀರಿ."

"ನೀವು ಹೆಂಗ ನಂಬಿದ್ರಿ?"

"ದವಾಖಾನ್ಯಾಗ ಬಂದು ಹೇಳಿದ್ರಲ್ಲ. ಯಾರೂ ಕೇಳಿರಲಿಲ್ಲ ನಿಮ್ಮನ್ನ. ಹೇಳದ ಇದ್ದಿದ್ರ ಯಾರಿಗೂ ಗೊತ್ತಾಗತಿರಲಿಲ್ಲ."

ಅವನು ಮಜ್ಜಿಗೆ ಕುಡಿದ. ಅವಳು ಸುಟ್ಟ ಗುಡ್ಡವನ್ನು ನೋಡುತ್ತಿದ್ದಳು.

"ನಮ್ಮೂರಾಗ ಫೋನ್ ಹತ್ತೂದು ಗುಡ್ಡದ ನೆತ್ತಿ ಮ್ಯಾಗ ಅಷ್ಟ," ಎಂದಳು ನಿಧಾನಕ್ಕೆ. "ನಿಮ್ಮ ಫೋನ್ ಬರೂ ಹೊತ್ತಿಗೆ ನಾ ಅಲ್ಲೇ ಎಮ್ಮಿ ಬಿಟ್ಟಕೊಂಡ ಕುಂತಿರತಿದ್ದೆ, ಬ್ಯಾಸಗಿ ನಾಕೂ ತಿಂಗಳಾ. ಬೆಂಕಿ ಆರಿದ ಮ್ಯಾಲೂ ಅಷ್ಟ. ಪ್ರಸಾದ ತಿಳಸತಾನ, ನೀ ಯಾಕ ಮತ್ತ ಗುಡ್ಡಾ ಹತ್ತತಿ, ಕಾಲ ನೋವಾಗೂದಿಲ್ಲೇನ ಅಂತಿದ್ರು ಇವ್ರು. ಆರಿತ್ರಿ ಅನ್ನೂ ಒಂದ ಮಾತ ಹೇಳಾಕ ಹತ್ತತಿದ್ದೆ." ಅವನ ಕಡೆ ತಿರುಗಿ, "ಆದ್ರ ನಾ ನನ್ನ ಕಾಲ ನಡಸ್ಕೊಂಡೆ ಸಾಹೇಬ್ರ. ಮಂದೀದಲ್ಲ," ಅಂದಳು.

ಕಲ್ಮೇಶ ನಾಲ್ಕು ವರ್ಷ ತಾನೊಬ್ಬನೇ ಕಾದೆ ಎಂದುಕೊಂಡಿದ್ದ.

"ನಾ ಬೆಳಗಾವಿಗೆ ಬರಾಕಿ ಅಲ್ಲ," ಅವಳೇ ಮುಂದುವರಿಸಿದಳು. "ಎಮ್ಮಿ ಅದಾವು, ಮಾವ ಅದಾರ. ಈ ಗುಡ್ಡ ಮತ್ತ ಹಸಿರಾಗೂದ ನೋಡಬೇಕು ನಾ. ನಿಮ್ಮ ಕಾಲ ಇಲ್ಲಿ ನಡ್ಯೂದಿಲ್ಲ."

"ಗೊತ್ತೈತ್ರಿ."

ಕೆಳಗೆ ಜೀಪಿನ ಹಾರ್ನು ಕೂಗಿತು. ಅವಳು ಚೊಂಬು ತೆಗೆದುಕೊಂಡು ಎದ್ದಳು. ಅವನು ಬಂಡೆ ಇಳಿಯುವಾಗ ಕೈ ಕೊಡಲೋ ಬೇಡವೋ ಎಂದು ಒಂದು ಗಳಿಗೆ ನಿಂತು, ಆಮೇಲೆ ಕೊಟ್ಟಳು. ಅಂಗೈ ಒರಟಾಗಿತ್ತು, ಬಿಸಿಯಾಗಿತ್ತು. ಕೆಳಗೆ ಮುಟ್ಟಿದೊಡನೆ ಬಿಟ್ಟಳು.

ಜೂನ್ ಎರಡನೆಯ ವಾರ ಮಳೆ ಹಿಡಿಯಿತು. ಬೆಂಕಿ ನಿಗಾ ಕೋಣೆಯ ಕಂಪ್ಯೂಟರುಗಳಿಗೆ ಹೊದಿಕೆ ಹಾಕಿದರು. ಜುಲೈಯಲ್ಲಿ ಒಂದು ದಿನ ಮಧ್ಯಾಹ್ನ ಕಲ್ಮೇಶ ಬುತ್ತಿ ಬಿಚ್ಚಿದವನು ಹಾಗೇ ಮುಚ್ಚಿ, ಮೆಟ್ಟಿಲ ಕೆಳಗೆ ನಿಂತು ಫೋನು ಹಚ್ಚಿದ. ಮಳೆಗಾಲದಲ್ಲಿ ಇದೇ ಮೊದಲು. ಗುಡ್ಡದ ನೆತ್ತಿಯಲ್ಲಿ ಅಷ್ಟೇ ಫೋನು ಹತ್ತುವ ಊರಿಗೆ ಅದು ಹೇಗೆ ಹತ್ತಿತೋ. ಬೇಸಿಗೆಯ ಬೆಂಕಿಯ ಮೇಲೆ ಟವರು ಸುಧಾರಿಸಿದ್ದಾರೆಂದು ಪ್ರಸಾದ ಅಂದದ್ದು ಆಮೇಲೆ ನೆನಪಾಯಿತು. ಎತ್ತಿದವನು ಬೀರಣ್ಣ.

"ಎಲ್ಲಿ ಬಿತ್ತೋ ಬೆಂಕಿ?" ಮುದುಕ ಒದರಿದ.

"ಎಲ್ಲೂ ಇಲ್ಲಜ್ಜಾ. ನಾನ್ರಿ, ಕಲ್ಮೇಶ, ಬೆಳಗಾವಿಯಿಂದ."

"ಮತ್ಯಾಕ ಮಾಡಿ? ಧೋ ಅಂತ ಮಳಿ ಹತ್ತೇತಿ ಇಲ್ಲೆ!"

ಕಲ್ಮೇಶ ಗೋಡೆಗೆ ಒರಗಿದ. ಬಾಯಿಗೆ ನಾಲ್ಕಾರು ನೆಪ ಬಂದವು. ಒಂದನ್ನೂ ಆಡಲಿಲ್ಲ.

"ಕಾಡವ್ವಾರ ಜೋಡಿ ಮಾತಾಡೂದಿತ್ರಿ. ಕೆಲಸೇನಿಲ್ಲ. ಸುಮ್ನ."

"ಎಮ್ಮಿ ಹೊಡಕೊಂಡ ಹೋಗ್ಯಾಳ," ಅಂದ ಮುದುಕ, ದನಿ ತಗ್ಗಿಸಿ. "ಬರೂ ಹೊತ್ತಾತು. ಇಡತಿ ಏನು, ಹಿಡಕೊಂಡ ಇರತಿ?"

"ಹಿಡಕೊಂಡ ಇರತೇನ್ರಿ."

ಮುದುಕ ಫೋನನ್ನು ಎಲ್ಲೋ ಕಟ್ಟೆಯ ಮೇಲೆ ಇಟ್ಟ ಸದ್ದಾಯಿತು. ಆಮೇಲೆ ಹಂಚಿನ ಮೇಲೆ ಬೀಳುವ ಮಳೆ, ಅಂಗಳದಲ್ಲಿ ಹರಿಯುವ ನೀರು, ಬೀರಣ್ಣನ ಕೆಮ್ಮು. ಬೆಳಗಾವಿಯಲ್ಲೂ ಹೊರಗೆ ಜಿಟಿಜಿಟಿ ಹಿಡಿದಿತ್ತು. ಕಲ್ಮೇಶ ಒಂದು ಕಿವಿಗೆ ಬೆರಳು ಇಟ್ಟುಕೊಂಡು, ಇನ್ನೊಂದರಲ್ಲಿ ಅಲ್ಲಿಯ ಮಳೆಯನ್ನು ಕೇಳುತ್ತ, ಎಮ್ಮೆಯ ಕೊರಳ ಗಂಟೆ ಯಾವ ಕಡೆಯಿಂದಾದರೂ ಬರುತ್ತದೇನೋ ಎಂದು ನಿಂತೇ ಇದ್ದ.